ಗುಲಾಬಿ ಹಾಳೆಯೊಳಗಿನ ನೀಲಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕುಳಿತು, ಬೇರೇನನ್ನೋ ಹೇಳಿ ಎದ್ದಿದ್ದೇನೆ. ಕಳೆದ ವಾರ ಡಾಕ್ಟರು ಕೊಟ್ಟ ಬಿ-ಕಾಂಪ್ಲೆಕ್ಸ್ ಗುಳಿಗೆಯ ಡಬ್ಬಿ ತೆರೆದಾಗ ಆ ಘಾಟು ಮೂಗಿಗೆ ಬಡಿಯಿತು. ಅಂಗೈಗೆ ಹಳದಿ ಅಂಟಿತ್ತು. ಇನ್ನು ಮುಂದೂಡುವುದು ಬೇಡ ಅನ್ನಿಸಿತು.

ಎರಡು ಸಾವಿರದ ನಂತರದ ವರ್ಷಗಳು. ಹಳದೀಪುರದಲ್ಲಿ ನನ್ನದು ಮೈಕು-ಲೈಟಿನ ಬಾಡಿಗೆ ಅಂಗಡಿ. ಮಗಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಒಂದು ಸಂಜೆ ಬಂದು, ಲೈಟಿಗೆ ಕಟ್ಟುವ ನೀಲಿ ಹಾಳೆ ಒಂದು, ಕೆಂಪು ಒಂದು ಕೇಳಿದರು. ಎರಡು ಕತ್ತಲೆ ಪೆಟ್ಟಿಗೆ, ಒಂದೊಂದಕ್ಕೆ ಬಣ್ಣದ ಹಾಳೆ ಅಂಟಿಸಿದ ಒಂದೇ ಕಿಟಕಿ, ಒಳಗೆ ಹೆಸರುಕಾಳಿನ ಸಸಿ. ನೀಲಿ ಕಿಟಕಿಯತ್ತ ಸಸಿ ಬಾಗುತ್ತದೆ, ಕೆಂಪಿನತ್ತ ಬಾಗುವುದಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನದ ದಿನ ಇದನ್ನು ತೋರಿಸಿದರೆ ಉಗ್ರಾಣದ ಕೋಣೆಯನ್ನು ಪ್ರಯೋಗಾಲಯಕ್ಕೆ ಬಿಟ್ಟುಕೊಡಲು ಹೆಡ್‌ಮಾಸ್ತರರು ಒಪ್ಪಿದ್ದರಂತೆ.

"ಎಂತ ಅಕ್ಕೋರೆ, ಗಿಡಕ್ಕೂ ಕಣ್ಣಿರ್ತದಾ?" ನಕ್ಕೆ.

"ಕಣ್ಣಲ್ಲ ಮಾರಾಯ್ರೆ, ಮಡಚಿಟ್ಟ ಪ್ರೋಟೀನು. ಅದ್ರ ಹೊಟ್ಟೇಲಿ ಒಂದು ಹಳದಿ ಕಣ. ಬಿ-ಕಾಂಪ್ಲೆಕ್ಸ್ ಗುಳಿಗೆ ಹಳದಿ ಇರ್ತದಲ್ಲ, ಅದ್ರದ್ದೇ ಸಂಬಂಧಿ."

ಆ ಕಣ ನೀಲಿ ಬೆಳಕನ್ನು ನುಂಗುತ್ತದಂತೆ, ಅದಕ್ಕೇ ಹಳದಿಯಾಗಿ ಕಾಣುತ್ತದೆ. ಕೆಂಪು ಅದಕ್ಕೆ ತಾಗುವುದೇ ಇಲ್ಲ. ನೀಲಿ ತಾಗಿದ ಕೂಡಲೇ ಆ ಕಣ, ಪಕ್ಕದಲ್ಲಿರುವ ಪ್ರೋಟೀನಿನ ಗಂಧಕದ ಪರಮಾಣುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತಕ್ಕೆ ಪ್ರೋಟೀನಿನ ಆಕಾರ ಬದಲಾಗಿ ಅದರ ಇನ್ನೊಂದು ತುದಿ ಎಚ್ಚರವಾಗುತ್ತದೆ, ತನ್ನ ಮೈಗೇ ಫಾಸ್ಫೇಟು ಅಂಟಿಸಿಕೊಳ್ಳುತ್ತದೆ. ಹೀಗೆ ಸುದ್ದಿ ಮುಟ್ಟಿ, ಬೆಳವಣಿಗೆಯ ಹಾರ್ಮೋನು ನೆರಳಿನ ಬದಿಗೆ ಸರಿಯುತ್ತದೆ. ಆ ಬದಿ ಹೆಚ್ಚು ಉದ್ದವಾಗಿ ಸಸಿ ಬೆಳಕಿನತ್ತ ಬಾಗುತ್ತದೆ.

"ಕತ್ತಲಾದ್ರೆ?" ನನಗೂ ಕುತೂಹಲ ಹತ್ತಿತ್ತು.

"ಸ್ವಲ್ಪ ಹೊತ್ತಿಗೆ ಹಿಡಿತ ತಾನಾಗೇ ಬಿಡ್ತದೆ. ಮತ್ತೆ ಬೆಳಕು ಕಾಯ್ತಾ ಕೂತ್ಕೊಳ್ತದೆ."

ನನ್ನ ಕೆಂಪು ಹಾಳೆಗಳೆಲ್ಲ ಭಟ್ಕಳದ ಮದುವೆಯೊಂದಕ್ಕೆ ಹೋಗಿದ್ದವು. ಕುಮಟೆಗೆ ಹೋಗಿ ಹೊಸತು ತರಲು ಸೋಮಾರಿತನ. ಎರಡು ಗುಲಾಬಿ ಹಾಳೆ ಜೋಡಿಸಿ ಕೊಟ್ಟೆ.

"ಇದು ಕೆಂಪೇ ಅಲ್ವಾ?"

"ಅಪ್ಪಟ ಕೆಂಪು ಅಕ್ಕೋರೆ."

ಸ್ಟೇಜಿನ ಕೆಂಪು ಲೈಟಿನಡಿ ನೀಲಿ ಸೀರೆ ಕಪ್ಪಾಗುತ್ತದೆ, ಗುಲಾಬಿಯಡಿ ನೀಲಿಯಾಗಿಯೇ ಉಳಿಯುತ್ತದೆ. ಗುಲಾಬಿ ಹಾಳೆ ನೀಲಿಯನ್ನೂ ಒಳಬಿಡುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು...

ಪ್ರದರ್ಶನದ ದಿನ ಎರಡೂ ಪೆಟ್ಟಿಗೆಯ ಸಸಿಗಳು ಕಿಟಕಿಯತ್ತ ಬಾಗಿದ್ದವು. "ಅಕ್ಕೋರ ಗಿಡಕ್ಕೆ ಬಣ್ಣಗುರುಡು!" ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೋಣೆ ಸಿಗಲಿಲ್ಲ.

ಹಾಳೆಗಳನ್ನು ನೀಟಾಗಿ ಮಡಚಿ ವಾಪಸು ತಂದ ಅಕ್ಕೋರು, "ನಾನು ತಿಳ್ಕೊಂಡದ್ದೇ ತಪ್ಪು ಕಾಣ್ತದೆ" ಅಂದರು. ಬಾಯಿ ಬಿಡಲು ಅದೊಂದು ಗಳಿಗೆ ಸಾಕಿತ್ತು. "ಇರ್ಲಿ ಬಿಡಿ ಅಕ್ಕೋರೆ" ಅಂದೆ. ಮರುವರ್ಷ ಅವರಿಗೆ ಭಟ್ಕಳದ ಕಡೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಹೊನ್ನಾವರದ ಬಸ್ಸಿನಲ್ಲಿ, ತೀರಿಕೊಂಡರೆಂಬ ಸುದ್ದಿ ಕೇಳಿದೆ.

ಗುಳಿಗೆಯ ಘಾಟು ಬಡಿದ ಆ ದಿನವೇ ಒಂದು ರಟ್ಟಿನ ಪೆಟ್ಟಿಗೆಗೆ ಕಿಟಕಿ ಕೊರೆದು, ನಿಜವಾದ ಕೆಂಪು ಹಾಳೆ ಅಂಟಿಸಿ, ಒಳಗೆ ಹೆಸರುಕಾಳು ಹಾಕಿಟ್ಟೆ. ಇವತ್ತು ಬೆಳಿಗ್ಗೆ ತೆರೆದು ನೋಡಿದರೆ ಸಸಿಗಳು ನೆಟ್ಟಗೆ ನಿಂತಿವೆ. ಒಂದೂ ಬಾಗಿಲ್ಲ.

ಅವರು ತಿಳಿದದ್ದು ಸರಿಯಿತ್ತು. ಅದನ್ನು ಯಾರೆದುರು ಹೇಳಬೇಕಿತ್ತೋ ಅವರು ಈಗಿಲ್ಲ... ನನ್ನ ಮಗಳ ವಿಜ್ಞಾನದ ಅಕ್ಕೋರು.