ಉಪ್ಪಿನ ಕಾಫಿ ಮತ್ತು ಒಂದೇ ಬಲ್ಬು

ಕಳೆದ ಸೋಮವಾರ ನಾನು ನಮ್ಮ ಮನೆಯ ಒಂದು ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟೆ. ಏಳಲಿಲ್ಲ.

ಗಾರೆಯವನು ಸಿಮೆಂಟು ಕಲಸಿಟ್ಟು, ಕರಣೆ ಹಿಡಿದು ನಿಂತಿದ್ದ. ಮೊಮ್ಮಗ ಮಂಜು ಒಮ್ಮೆ ನನ್ನ ಮುಖ ನೋಡುತ್ತಿದ್ದ, ಒಮ್ಮೆ ಸಿಮೆಂಟಿನ ಬಾಣಲೆ.

"ಅಜ್ಜೀ, ಸಿಮೆಂಟು ಗಟ್ಟಿಯಾಗ್ತದೆ."

"ಆಗ್ಲಿ."

"ಒಂದು ತೂತಿಗೋಸ್ಕರ ಇಷ್ಟು ಹಟನಾ?"

"ತೂತಲ್ಲ ಅದು," ಅಂದೆ. ಮುಂದೆ ಮಾತು ಬರಲಿಲ್ಲ.

ನನಗೆ ಮೊದಲಿನಿಂದಲೂ ಹಾಗೆ. ನಾಲ್ಕು ಜನ ಎದುರಿಗಿದ್ದರೆ ಬಾಯಿ ಕಟ್ಟುತ್ತದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಅದಕ್ಕೇ ಬರೆಯುತ್ತೇನೆ. ಮೊಮ್ಮಕ್ಕಳಿಗೆಂದು ಬರೆಯುವ ಇದನ್ನು ವಾರವಾರ ನೀವೂ ಓದುತ್ತೀರಂತೆ. (ಪತ್ರಿಕೆಯವರು ಹೇಳಿದ್ದು. ನಂಬುವುದು ಕಷ್ಟ, ಆದರೂ ಸಂತೋಷ.) ಸೋಮವಾರ ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಂಜು, ಇದನ್ನು ಓದಿದ ಮೇಲೆ ಗಾರೆಯವನನ್ನು ಕರೆಸು.

ಆ ತೂತು ಎಂಥದ್ದು ಎಂದು ಓದುವವರಿಗೆ ತಿಳಿಯಬೇಕಲ್ಲ? ನಮ್ಮ ಜಗಲಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ, ನಿಂತವರ ತಲೆಗಿಂತ ಮೇಲೆ, ಒಂದು ಕಿಂಡಿ. ಅಂಚು ಸೊಟ್ಟ. ಅದರೊಳಗೆ ಒಂದು ಕಪ್ಪು ಹೋಲ್ಡರ್ ಇನ್ನೂ ನೇತಾಡುತ್ತಿದೆ. ಬಲ್ಬು ಇಲ್ಲ. ನೋಡಿದವರಿಗೆ ಇಲಿ ಕೊರೆದ ಹಾಗೆ ಕಾಣುತ್ತದೆ, ಸುಳ್ಳಲ್ಲ.

ಅದನ್ನು ಕೊರೆದದ್ದು ಇಲಿಯಲ್ಲ. ನನ್ನ ಮಾವ.

ನಾವು ಮುಳುಗಡೆಯವರು. ಹೊಸನಗರ ತಾಲ್ಲೂಕಿನ ಶರಾವತಿ ದಂಡೆಯಲ್ಲಿ ನಮ್ಮ ಊರಿತ್ತು. ಅರವತ್ತರ ದಶಕದ ಶುರುವಿನಲ್ಲಿ, ನಾನು ಸೊಸೆಯಾಗಿ ಆ ಮನೆಗೆ ಹೋದ ಹೊಸದರಲ್ಲೇ, ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ಒಂದು ದಿನ ಪ್ಯಾಂಟು ಹಾಕಿದ ಆಫೀಸರು ಬಂದು ಊರವರನ್ನೆಲ್ಲ ಅರಳಿಕಟ್ಟೆಯ ಹತ್ತಿರ ಸೇರಿಸಿದರು. ನೀರು ಹೇಗೆ ನಿಲ್ಲುತ್ತದೆ, ಹೇಗೆ ದೊಡ್ಡ ಪೈಪಿನಲ್ಲಿ ಘಟ್ಟದ ಕೆಳಕ್ಕೆ ಧುಮುಕುತ್ತದೆ, ಹೇಗೆ ಚಕ್ರ ತಿರುಗುತ್ತದೆ, ಇಡೀ ರಾಜ್ಯಕ್ಕೆ ಹೇಗೆ ಬೆಳಕಾಗುತ್ತದೆ, ಎಲ್ಲವನ್ನೂ ಕೈಯಾಡಿಸಿ ವಿವರಿಸಿದರು. ಒಳ್ಳೆಯವರೇ. ನಮಗೆ ಅರ್ಥವಾಗಬೇಕೆಂದು ಬೆವರು ಸುರಿಸಿದರು.

ನನ್ನ ಅತ್ತೆ ಹೆಂಗಸರ ಗುಂಪಿನಿಂದಲೇ ಕೇಳಿದರು. "ಚಕ್ರ ತಿರುಗ್ಸಿದ್ಮೇಲೆ ನೀರು ಖರ್ಚಾಗಿ ಹೋಗ್ತದಾ, ಸ್ವಾಮಿ?"

"ಇಲ್ಲಮ್ಮ. ನೀರು ನೀರಾಗೇ ಇರ್ತದೆ. ಸಮುದ್ರಕ್ಕೆ ಹೋಗ್ತದೆ."

"ಅದು ಇದ್ದ ಹಾಗೇ ಇರ್ತದಂತೆ. ನಾವು ಮಾತ್ರ ಇರ್ಬಾರ್ದಂತೆ," ಅಂದರು ಅತ್ತೆ, ಪಕ್ಕದವಳಿಗೆ ಹೇಳುವ ಹಾಗೆ. ಕಟ್ಟೆಯ ಹತ್ತಿರ ಎಲ್ಲರೂ ನಕ್ಕರು. ಆಫೀಸರೂ ನಕ್ಕರು. ನಕ್ಕು, ಬೇಸಗೆಯೊಳಗೆ ಊರು ಬಿಡಬೇಕು ಅಂದರು.

ಬಿಟ್ಟೆವು. ಮನೆಯ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಹೇರಿಕೊಂಡು ತೀರ್ಥಹಳ್ಳಿ ಕಡೆಯ ಈ ರಸ್ತೆ ಬದಿಯ ಜಾಗಕ್ಕೆ ಬಂದೆವು. ಆಗ ಇಲ್ಲಿ ಕಡಿದ ಮರಗಳ ಬುಡ ಬಿಟ್ಟರೆ ಬೇರೇನಿರಲಿಲ್ಲ. ಮಳೆಗೆ ಮೊದಲು ಸೂರು ಬೇಕಿತ್ತು. ಮಾವ ಮತ್ತು ನಿಮ್ಮ ಅಜ್ಜ ಇಬ್ಬರೇ ಮಣ್ಣು ತುಳಿದು ಗೋಡೆ ಎಬ್ಬಿಸಿದರು. ಅವಸರದಲ್ಲಿ ಅಡುಗೆಮನೆಗೆ ಕಿಟಕಿ ಇಡಲಿಲ್ಲ. "ಮುಂದಿನ ವರ್ಷ ನೋಡಾಣ," ಅಂದರು ಮಾವ. ಆ ಮುಂದಿನ ವರ್ಷ ಯಾವ ಮನೆಯಲ್ಲಿ ತಾನೇ ಬಂದಿದೆ?

ಅತ್ತೆಯ ಕೈರುಚಿ ಹಳೆಯ ಊರಿನಲ್ಲಿ ದೊಡ್ಡ ಹೆಸರು. ಯಾರ ಮನೆಯಲ್ಲಿ ಮದುವೆಯಾದರೂ ಸಾರಿಗೆ ಉಪ್ಪು ಬೀಳುವುದು ಅವರ ಕೈಯಿಂದಲೇ ಆಗಬೇಕಿತ್ತು. ನಮ್ಮ ಹಳೆಯ ಮನೆಯ ಅಡುಗೆಮನೆಯೂ ಕತ್ತಲೆಯೇ. ಆದರೆ ಅವರಿಗೆ ದೀಪ ಬೇಕಿರಲಿಲ್ಲ. ಒಲೆಯ ಮುಂದೆ ಕೂತರೆ ಎಡಗೈಗೆ ಜೋನಿಬೆಲ್ಲದ ಗಡಿಗೆ, ಬಲಗೈಗೆ ನೀರುಪ್ಪಿನ ಗಡಿಗೆ. (ಜೋನಿಬೆಲ್ಲ ಅಂದರೆ ಗಟ್ಟಿಯಾಗದ, ಪಾಕದಂಥ ಬೆಲ್ಲ. ಕಲ್ಲುಪ್ಪನ್ನು ನೀರಲ್ಲಿ ಕರಗಿಸಿ ಇಡುತ್ತಿದ್ದೆವು, ಅದೇ ನೀರುಪ್ಪು.) ಎರಡರಲ್ಲೂ ತೆಂಗಿನ ಚಿಪ್ಪಿನ ಸೌಟು. ಕಣ್ಣು ಎಲ್ಲೋ ಇರುತ್ತಿತ್ತು, ಬಾಯಿ ಯಾರಿಗೋ ಬಯ್ಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಹೋಗಿ ಬರುತ್ತಿತ್ತು.

ಹೊಸ ಮನೆಯಲ್ಲಿ ಬಾವಿ ಎಡ ಪಕ್ಕಕ್ಕೆ ಬಂತು. ಹಾಗಾಗಿ ಹಿತ್ತಲ ಬಾಗಿಲು ಒಲೆಯ ಎಡಕ್ಕೆ ಬಂತು. ಬಾಗಿಲಿಂದ ಇರುವೆ ಸಾಲು. ಬೆಲ್ಲವನ್ನು ಅಲ್ಲಿ ಇಡುವ ಹಾಗಿಲ್ಲ. ಬೆಲ್ಲ ಬಲಕ್ಕೆ ಹೋಯಿತು, ಉಪ್ಪು ಎಡಕ್ಕೆ ಬಂತು.

ಇಷ್ಟೇ ಆದದ್ದು. ಇಷ್ಟಕ್ಕೇ ಅತ್ತೆಯ ಅಡುಗೆ ಹದ ತಪ್ಪಿತು.

ಸಾರಿಗೆ ಬೆಲ್ಲ ಬೀಳುತ್ತಿತ್ತು. ಪಾಯಸಕ್ಕೆ ಉಪ್ಪು ಬೀಳುತ್ತಿತ್ತು. ಹಳೆಯ ಮನೆಯಲ್ಲಿ ಅಡುಗೆಮನೆಗೆ ಇಳಿಯಲು ಒಂದು ಮೆಟ್ಟಿಲಿತ್ತು; ಇಲ್ಲಿ ಇಲ್ಲ. ಇಲ್ಲದ ಆ ಮೆಟ್ಟಿಲನ್ನು ಅತ್ತೆಯ ಕಾಲು ದಿನವೂ ಹುಡುಕುತ್ತಿತ್ತು. ನಾನು ಬಡಿಸುವ ಮುಂಚೆ ಎಲ್ಲವನ್ನೂ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, ಆದಷ್ಟು ಸರಿ ಮಾಡುತ್ತಿದ್ದೆ. ನನಗೆ ಗೊತ್ತು ಅಂತ ಅತ್ತೆಗೆ ಗೊತ್ತಿತ್ತು. ಇಬ್ಬರೂ ಮಾತೆತ್ತಲಿಲ್ಲ. ಎತ್ತಿದರೆ ಒಲೆ ನನ್ನ ಕೈಗೆ ಬರುತ್ತಿತ್ತು. ಅತ್ತೆ ಮೂಲೆಗೆ ಹೋಗುತ್ತಿದ್ದರು. ಊರು ಹೋದ ಮೇಲೆ ಅವರ ಹತ್ತಿರ ಉಳಿದದ್ದು ಆ ಒಲೆಯ ಮುಂದಿನ ಮಣೆ ಒಂದೇ.

ಅತ್ತ ಅಣೆಕಟ್ಟು ತುಂಬಿ ಕರೆಂಟು ಶುರುವಾಗಿತ್ತು. ದೊಡ್ಡ ಲೈನು ಕಾಡು ಸೀಳಿಕೊಂಡು ಎಲ್ಲೆಲ್ಲಿಗೋ ಹೋಯಿತು. ನಮ್ಮ ರಸ್ತೆಗೆ ಬರಲಿಲ್ಲ. ಎದುರಿನ ಚಾ ಹೋಟೆಲಿನಲ್ಲಿ ಕೂತವರು ಮಾವನಿಗೆ ಕೇಳುವ ಹಾಗೆ ಹೇಳುತ್ತಿದ್ದರು. "ಕರೆಂಟಿಗೋಸ್ಕರ ಊರು ಬಿಟ್ಟವ್ರು ನೋಡ್ರೋ, ಚಿಮಣಿ ಬುಡ್ಡಿ ಹಚ್ಕಂಡು ಕೂತಿದಾರೆ!" ಮಾವ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟರು.

ದಶಕ ಮುಗಿಯುವ ಹೊತ್ತಿಗೆ ನಮ್ಮ ರಸ್ತೆಗೂ ಕಂಬ ಬಂತು. ನಮ್ಮ ಕೈಲಾದದ್ದು ಒಂದೇ ಪಾಯಿಂಟು. ಒಂದು ಸ್ವಿಚ್ಚು, ಒಂದು ಬಲ್ಬು. ತೀರ್ಥಹಳ್ಳಿಯಿಂದ ವೈರ್‌ಮನ್ ರಾಜಣ್ಣ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಬಂದ. ಮಧ್ಯಾಹ್ನವೇ, ಆದರೆ ಮೋಡ ಕವಿದ ದಿನ.

"ಎಲ್ಲಿಗೆ ಹಾಕ್ಲಿ, ನಾಯ್ಕರೇ?"

"ಜಗಲಿಗೆ," ಅಂದರು ಮಾವ. "ರಸ್ತೇಲಿ ಹೋಗೋರಿಗೆ ಕಾಣ್ಬೇಕು. ಆ ಹೋಟ್ಲಿಗೂ ಕಾಣ್ಬೇಕು."

ಒಳಗಿಂದ ಅತ್ತೆಯ ದನಿ ಬಂತು. "ಅಡುಗೆಮನೆಗೆ ಹಾಕ್ಲಿ."

"ಎಂತಕ್ಕೆ? ಲಗ್ನ ಆದಾಗಿಂದ ಕತ್ತಲಲ್ಲೇ ಬೇಯ್ಸಿದೀಯಲ್ಲ?"

ಅತ್ತೆ ಉತ್ತರ ಕೊಡಲಿಲ್ಲ. ಕೊಟ್ಟರೆ ಗುಟ್ಟು ಹೊರಗೆ ಬೀಳುತ್ತದೆ. ನಿಮ್ಮ ಅಜ್ಜ "ಅಪ್ಪಯ್ಯ, ಒಳಗೂ ಸ್ವಲ್ಪ..." ಅಂತ ಶುರು ಮಾಡಿದರು. ಮಾವ ತಿರುಗಿ ನೋಡಿದರು. ಅಜ್ಜ ಏಣಿ ಹಿಡಿದುಕೊಳ್ಳಲು ಹೋದರು. (ನಿಮ್ಮ ಅಜ್ಜನ ಧೈರ್ಯ ಯಾವಾಗಲೂ ಅಷ್ಟೇ. ನನಗೆ ಸರಿಯಾದ ಜೋಡಿ.)

ನಾನು ನೀರು ತರಲು ಬಾವಿಗೆ ಹೋದೆ. ಆ ಹೊತ್ತಿನಲ್ಲೇ ಅತ್ತೆ ಕಾಫಿ ಮಾಡಿದರು. ರುಚಿ ನೋಡುವವಳು ಮನೆಯಲ್ಲಿ ಇರಲಿಲ್ಲ.

ನಾನು ಕೊಡ ಹೊತ್ತು ಬರುವಾಗ ರಾಜಣ್ಣ ಲೋಟ ಹಿಡಿದು ಕಣ್ಣು ಮಿಟುಕಿಸುತ್ತಿದ್ದ. "ನಾಯ್ಕರೇ, ನಿಮ್ಮ ಹೊಳೆ ಕಡೆ ಕಾಫಿಗೆ ಉಪ್ಪು ಹಾಕೋ ಪದ್ಧತಿನಾ?"

ಮಾವ ಒಂದು ಗುಟುಕು ಕುಡಿದರು. ಅಂಗಳಕ್ಕೆ ಉಗಿದರು. "ಎಂತ ಮಾರಾಯ್ತಿ ಇದು! ಮರ್ಯಾದೆ ತೆಗ್ದೆ. ಕೈ ಹೋಯ್ತಾ ನಿಂದು?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಾರಿಗೂ ಸೋಲದ ಬಾಯಿ ಅವರದ್ದು. ಆಫೀಸರನ್ನೇ ನಗಿಸಿದವರು. ಅವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ನಾನು ಅದುವರೆಗೆ ಮಾವನ ಎದುರು ನಿಂತು ಮಾತಾಡಿದವಳಲ್ಲ. ನಮ್ಮಲ್ಲಿ ಸೊಸೆಯಂದಿರು ಮಾತಾಡುತ್ತಲೂ ಇರಲಿಲ್ಲ. ಕೊಡ ಸೊಂಟದಲ್ಲೇ ಇತ್ತು, ನೀರು ತುಳುಕಿ ಸೀರೆ ಒದ್ದೆಯಾಗುತ್ತಿತ್ತು. ಬಾಯಿಂದ ಮಾತು ತಾನಾಗಿಯೇ ಬಂತು.

"ಅತ್ತೆ ಕೈ ಹೋಗ್ಲಿಲ್ಲ, ಮಾವ. ಅದು ಹಳೇ ಮನೇಲೇ ಇದೆ."

ಶುರು ಮಾಡಿದ್ದನ್ನು ಮುಗಿಸಲೇಬೇಕಾಯಿತು.

"ಅಲ್ಲಿ ಎಡಕ್ಕೆ ಬೆಲ್ಲ ಇತ್ತು. ಇಲ್ಲಿ ಎಡಕ್ಕೆ ಉಪ್ಪು ಇದೆ. ಕತ್ತಲಲ್ಲಿ ಕೈಗೆ ಹೆಂಗೆ ಗೊತ್ತಾಗ್ಬೇಕು?"

ಮಾವ ನನ್ನನ್ನು ನೋಡಲಿಲ್ಲ. ಎದ್ದು ಅಡುಗೆಮನೆಯೊಳಗೆ ಹೋದರು. ಗೋಡೆ ಎಬ್ಬಿಸಿದ ಮೇಲೆ ಅವರು ಅಲ್ಲಿಗೆ ಕಾಲಿಟ್ಟದ್ದು ನಾನು ನೋಡಿರಲಿಲ್ಲ. ಒಲೆಯ ಮುಂದೆ ಅತ್ತೆಯ ಮಣೆಯ ಮೇಲೆ ಕೂತರು. ಎಡಗೈ ಚಾಚಿದರು, ಗಡಿಗೆಗೆ ಬೆರಳದ್ದಿ ನೆಕ್ಕಿದರು. ಬಲಗೈ ಚಾಚಿದರು, ಮತ್ತೆ ನೆಕ್ಕಿದರು. ಆಮೇಲೆ ಹೊರಗೆ ಬಂದು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡರು.

"ನಾಯ್ಕರೇ, ಗೋಡೆ!" ಅಂತ ಕೂಗಿದ ರಾಜಣ್ಣ.

"ನಾನೇ ಕಟ್ಟಿದ್ದು. ನಾನೇ ಒಡೀತೀನಿ. ನೀನು ವೈರು ಈಚೆ ಎಳಿ."

ಹೀಗೆ ಆದದ್ದು ಆ ಕಿಂಡಿ. ಅದರ ನಡುವೆ ಬಲ್ಬು ಇಳಿಬಿಟ್ಟ ರಾಜಣ್ಣ. ಅರ್ಧ ಬೆಳಕು ಜಗಲಿಗೆ, ಅರ್ಧ ಅಡುಗೆಮನೆಗೆ.

ಸಂಜೆ ಸ್ವಿಚ್ಚು ಒತ್ತಿದಾಗ ಎಲ್ಲರೂ ಕೈ ಮುಗಿದೆವು, ಮುಸ್ಸಂಜೆಯ ದೀಪಕ್ಕೆ ಮುಗಿಯುವ ಹಾಗೆ. ಅತ್ತೆ ಕತ್ತೆತ್ತಿ ಬಲ್ಬನ್ನೇ ನೋಡುತ್ತಿದ್ದರು.

"ಇದು ನಮ್ಮ ಹೊಳೇದೇನಾ?"

"ಅವ್ರು ಹಂಗೇ ಹೇಳಿದ್ದಲ್ವಾ," ಅಂದರು ಮಾವ.

"ಒದ್ದೆ ಇಲ್ಲ," ಅಂದರು ಅತ್ತೆ. ಹಾಗಂದು ಮಣೆಯ ಮೇಲೆ ಕೂತು, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೋಡಿ, ಮತ್ತೆ ಕಾಫಿ ಮಾಡಿದರು. ನಾನು ರುಚಿ ನೋಡದೆ ಜಗಲಿಗೆ ತಂದುಕೊಟ್ಟೆ. ಮಾವ ಕುಡಿದು ಲೋಟ ಕೆಳಗಿಟ್ಟರು. ಏನೂ ಅನ್ನಲಿಲ್ಲ. ಅವರ ಕಡೆಯಿಂದ ಅದು ದೊಡ್ಡ ಹೊಗಳಿಕೆ.

ಆ ಕಿಂಡಿಯಿಂದ ಬೆಳಕಿನ ಜೊತೆ ಮಾತೂ ದಾಟತೊಡಗಿತು. ಜಗಲಿಯಲ್ಲಿ ಗಂಡಸರು ಎಲೆಕ್ಷನ್ ಸುದ್ದಿ ಎತ್ತಿದರೆ ಒಳಗಿಂದ ಅತ್ತೆ ಉತ್ತರ ಕೊಡುತ್ತಿದ್ದರು. "ಗೋಡೆ ಒಡ್ದು ತಪ್ಪು ಮಾಡ್ದೆ ಮಾರಾಯ," ಅಂತ ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಮುಚ್ಚಲಂತೂ ಇಲ್ಲ. ಒಂದು ವಿಷಯ ಹೇಳುವುದು ಮರೆತೆ. ಕರೆಂಟು ಹೋದ ದಿನ ಅತ್ತೆಯ ಕೈ ತಪ್ಪದೆ ಹಳೆಯ ಊರಿಗೆ ಹೋಗಿಬರುತ್ತಿತ್ತು. ಅವರು ಇರುವ ತನಕವೂ ಹಾಗೇ. ಅಂಥ ದಿನ ನಾವು ಉಪ್ಪು ಕಾಫಿಯನ್ನು ಮಾತಿಲ್ಲದೆ ಕುಡಿಯುತ್ತಿದ್ದೆವು. ಮಾವ ಕೂಡ.

ಈಗ ಸೋಮವಾರಕ್ಕೆ ಬರುತ್ತೇನೆ.

ಮಂಜು ಮನೆ ರಿಪೇರಿ ಮಾಡಿಸುತ್ತಿದ್ದಾನೆ. ಸಂತೋಷ. ಮುಂಭಾಗಕ್ಕೆ ಸಾಲು ಲೈಟು ಬರುತ್ತವಂತೆ, ರಸ್ತೆಯಿಂದ ಚಂದ ಕಾಣುತ್ತದಂತೆ. (ಮುತ್ತಜ್ಜನ ರಕ್ತ ಎಲ್ಲಿ ಹೋಗುತ್ತದೆ?) ಅಡುಗೆಮನೆಗೆ ಮಾತ್ರ ಈಗಿರುವ ಒಂದೇ ಟ್ಯೂಬ್‌ಲೈಟು. ಅದು ಒಲೆಯ ಮುಂದೆ ನಿಲ್ಲುವವರ ಬೆನ್ನ ಹಿಂದಿನ ಗೋಡೆಯಲ್ಲೇ ಉಳಿಯುತ್ತದಂತೆ.

ಅಲ್ಲಿ ನಿಲ್ಲುವವಳು ಸೌಮ್ಯ, ಮಂಜುವಿನ ಹೆಂಡತಿ. ಸಾಗರದ ಹುಡುಗಿ, ಬಂದು ಇನ್ನೂ ವರ್ಷವಾಗಿಲ್ಲ. ಅವಳ ನೆರಳು ಅವಳ ಕೈಮೇಲೇ ಬೀಳುತ್ತದೆ. ತರಕಾರಿ ಹೆಚ್ಚುವಾಗ ಮೊಬೈಲಿನ ಟಾರ್ಚು ಹಚ್ಚಿ ಅದನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟುಕೊಳ್ಳುತ್ತಾಳೆ. "ಲೈಟು ಈ ಕಡೆ ಹಾಕಿಸ್ರೀ," ಅಂತ ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. "ಆಮೇಲೆ ನೋಡಾಣ," ಅಂತ, ಮಂಜು, ನೀನು ಹೇಳಿದ್ದನ್ನೂ.

ನಾನು ಗೋಡೆಯ ಮುಂದೆ ಕೂತದ್ದು ಇದಕ್ಕೆ. ಕಿಂಡಿಯ ಮೇಲಿನ ಮೋಹವೂ ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮುಚ್ಚಿಸು ಮಂಜು, ಅಡ್ಡಿಯಿಲ್ಲ. ಸೊಟ್ಟ ಕಿಂಡಿ, ಹಲ್ಲಿ ಬರುತ್ತದೆ, ಅಡುಗೆಯ ಹೊಗೆ ಜಗಲಿಗೆ ಬರುತ್ತದೆ. ಅದರ ಕೆಲಸ ಮುಗಿದಿದೆ.

ಒಂದು ಹೊಳೆ ನಿಲ್ಲಿಸಿ, ಊರೂರು ಖಾಲಿ ಮಾಡಿಸಿ, ಇಡೀ ರಾಜ್ಯಕ್ಕೆ ಬೆಳಕು ಕೊಟ್ಟದ್ದಾಯಿತು. ಅಡುಗೆಮನೆಯ ಲೈಟು ಎಲ್ಲಿರಬೇಕೆಂದು ಅಲ್ಲಿ ಅಡುಗೆ ಮಾಡುವವಳನ್ನು ಕೇಳಲು ಇನ್ನೂ ಎಷ್ಟು ಕರೆಂಟು ಬೇಕು, ಮಗಾ?