ಉಮ್ಮನ ಕೈಗೆ ಬಂದ ಮೈಕು

ಮೊನ್ನೆ ಪುತ್ತೂರಿನ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಮೈಕಿನ ತಗಡಿನ ಕಹಳೆಯೊಂದು ಬಿದ್ದಿತ್ತು. ಒಳಗೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ಹೆರಿಗೆಗೂ ಕಹಳೆಗೂ ಇರುವ ನಂಟು ಆ ಕೋಳಿಗೆ ಯಾರು ಹೇಳಿದರೋ… ನನಗಂತೂ ನಮ್ಮೂರಿನ ಸೂಲಗಿತ್ತಿ ಉಮ್ಮ ನೆನಪಾದರು.

ಅರಂತೋಡಿನ ಆಸುಪಾಸಿನ ಅರ್ಧ ಊರು ಈ ಲೋಕಕ್ಕೆ ಬಂದದ್ದು ಅವರ ಕೈಯ ಮೇಲೆಯೇ. ನಾನೂ ಆ ದಾರಿಯಾಗಿಯೇ ಬಂದವನು. ಬ್ಯಾರಿ ಮನೆಯವರು, ಮುಖದ ತುಂಬ ಸಿಡುಬಿನ ಕಲೆ. ಅಕ್ಷರ ಬಾರದು. ಆದರೆ ಬ್ಯಾರಿ, ತುಳು, ಅರೆಭಾಷೆ ಮೂರರಲ್ಲೂ ಹೆರಿಗೆ ಮಾಡಿಸಬಲ್ಲವರು, ಮೂರರಲ್ಲೂ ಬೈಯಬಲ್ಲವರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಳೆಯಾಚೆ ಸಿಡುಬು ಕಾಣಿಸಿಕೊಂಡಿತ್ತು. ಚುಚ್ಚುಮದ್ದಿನವರು ಜೀಪಿನಲ್ಲಿ ಬಂದರು. ಮದ್ದು ಮಂಜುಗಡ್ಡೆಯ ಪೆಟ್ಟಿಗೆಯೊಳಗೆ, ಮೈಕು ಜೀಪಿನ ನೆತ್ತಿಯ ಮೇಲೆ. "ಮಂಜು ಕರಗಿದರೆ ಇದು ಬರೀ ನೀರು. ಸಂಜೆಯೊಳಗೆ ಜನ ಬರಬೇಕು," ಎಂದರು.

ಪಂಚಾಯತಿಯ ಗುಮಾಸ್ತನಾದ ನನಗೆ ಘೋಷಣೆಯ ಪಟ್ಟ ಕಟ್ಟಲಾಯಿತು. ಗಂಟಲು ಸರಿಪಡಿಸಿಕೊಂಡು, "ಸಾರ್ವಜನಿಕರ ಅವಗಾಹನೆಗೆ ತರಬಯಸುವುದೇನೆಂದರೆ…" ಎಂದು ಶುರುಮಾಡಿದೆ. ಅಂಥ ಗಂಭೀರ ಕನ್ನಡ ಆ ಗುಡ್ಡಗಳು ಅದುವರೆಗೆ ಕೇಳಿರಲಿಲ್ಲ. ಪರಿಣಾಮವೂ ಅದ್ಭುತವಾಗಿತ್ತು. ಜನ ದನಗಳನ್ನು ಬಿಚ್ಚಿಕೊಂಡು, ತಾಮ್ರದ ಹಂಡೆಗಳನ್ನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದರು. ನಮ್ಮ ಕಡೆ ಸರಕಾರ ಅಷ್ಟು ಜೋರಾಗಿ ಮಾತಾಡುತ್ತಿದ್ದದ್ದು ಜಪ್ತಿಗೆ ಬಂದಾಗ ಮಾತ್ರ.

ಶಾಲೆಯ ಜಗಲಿ ಖಾಲಿ. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಗ ಹೆರಿಗೆಯ ಮನೆಯೊಂದರಿಂದ ಉಮ್ಮ ಇಳಿದು ಬಂದರು.

"ಎಂತದು ಮಾರಾಯ, ಕೋಣ ಕೂಗಿದ ಹಾಗೆ! ಅಲ್ಲಿ ಒಬ್ಬಳು ಈಗಷ್ಟೇ ಹೆತ್ತು ಮಲಗಿದ್ದಾಳೆ."

ವಿಷಯ ಹೇಳಿದೆ. ಸಿಡುಬು ಎಂದದ್ದೇ ತಡ, ಅವರ ಮುಖದ ಸಿಟ್ಟು ಇಳಿಯಿತು. ಪೆಟ್ಟಿಗೆಯ ಕೆಳಗಿನ ನೀರನ್ನೊಮ್ಮೆ ನೋಡಿದರು.

"ಕೊಡು ಇಲ್ಲಿ ಅದನ್ನು. ಎಲ್ಲಿ ಬಾಯಿ ಇಡುದು?"

ಉಮ್ಮ ಒಬ್ಬೊಬ್ಬರನ್ನೂ ಅವರು ಹುಟ್ಟಿದ ರೀತಿ ಹೇಳಿಯೇ ಕರೆದರು, ಅವರವರ ಮನೆಯ ಭಾಷೆಯಲ್ಲೇ. ಅರೆಭಾಷೆಯಲ್ಲಿ: "ಕಾಲು ಮುಂದಾಗಿ ಬಂದವನೇ, ಈಗಲೂ ಕಾಲು ಮುಂದೆ ಹಾಕು! ಹಂಡೆ ಯಾರಿಗೂ ಬೇಡ." ತುಳುವಿನಲ್ಲಿ: "ಮದ್ದು ಚುಚ್ಚಿಸಿಕೊಂಡದ್ದಕ್ಕೆ ಮಾರಿಗೆ ಸಿಟ್ಟು ಬಂದರೆ ನನ್ನ ಮನೆ ತೋರಿಸಿ. ಅವಳು ಒಮ್ಮೆ ಬಂದು ಹೋಗಿದ್ದಾಳೆ, ದಾರಿ ಗೊತ್ತುಂಟು." ಬ್ಯಾರಿ ಭಾಷೆಯಲ್ಲಿ ಹೆಂಗಸರಿಗೆ: "ನಾಚಿಕೆಯಾ? ಬಾಗಿಲಿನ ಹಿಂದೆ ನಿಂತು ಕೈ ಮಾತ್ರ ಹೊರಗೆ ಕೊಡಿ. ಆ ಕೈ ನಾನೇ ಹಿಡಿತೇನೆ."

ಕೊನೆಗೆ ಕಹಳೆಯಿಂದ ಬರೀ ಉಸಿರು ಕೇಳಿಸಿತು. ಮೈಕು ಕೆಟ್ಟಿತೆಂದು ನಾನು ತಂತಿ ಮುಟ್ಟಹೋದೆ. ಕೆಟ್ಟಿರಲಿಲ್ಲ.

"ನನ್ನ ಎರಡು ಮಕ್ಕಳು ಇದರಲ್ಲೇ ಹೋದರು. ನನ್ನ ಕೈಯಲ್ಲಿ ಹುಟ್ಟಿದವರನ್ನು ಮಣ್ಣಿಗೆ ಕಳಿಸ್ಲಿಕ್ಕೆ ನನ್ನಿಂದ ಇನ್ನು ಆಗುದಿಲ್ಲ… ಬನ್ನಿ."

ಅದನ್ನು ಮೂರು ಭಾಷೆಗಳಲ್ಲೂ ಹೇಳಿದರು.

ಗುಡ್ಡ ಅಲುಗಿದ ಹಾಗಾಯಿತು. ದನ, ಹಂಡೆ, ಅಜ್ಜಿಯಂದಿರು, ಕಂಕುಳಿನ ಮಕ್ಕಳು, ಎಲ್ಲ ಇಳಿದು ಬಂದರು. ಪೆಟ್ಟಿಗೆಯ ಮಂಜು ಪೂರ್ತಿ ಕರಗುವ ಮೊದಲೇ ಮದ್ದು ಮುಗಿಯಿತು. ಆ ಸಲ ಸಿಡುಬು ಹೊಳೆ ದಾಟಲಿಲ್ಲ. ನನ್ನ ತೋಳಿನ ಗುರುತು ಇನ್ನೂ ಹಾಗೇ ಇದೆ.

"ಎಂತ ನೋಡ್ತಾ ಇದ್ದೀರಿ ಮಾರಾಯ್ರೆ? ಅದು ಕೂಗುದಿಲ್ಲ," ಎಂದ ಗುಜರಿಯವನು. ಕೋಳಿ ನನ್ನನ್ನು ಅನುಮಾನದಿಂದ ನೋಡಿತು. ಕಹಳೆಯನ್ನು ಕೊಳ್ಳುವ ಆಸೆಯಿತ್ತು, ಬಾಣಂತಿಯನ್ನು ಎಬ್ಬಿಸುವ ಧೈರ್ಯ ಬರಲಿಲ್ಲ.

ನನಗೆ ಕಡಬಕ್ಕೆ ವರ್ಗವಾದ ಮೇಲೆ ಉಮ್ಮ ತೀರಿಕೊಂಡರು. ಸುದ್ದಿ ನನ್ನನ್ನು ಮುಟ್ಟುವಾಗ ಒಂದು ಮಳೆಗಾಲವೇ ಕಳೆದಿತ್ತು. ಊರಿನ ಎಷ್ಟೋ ಮನೆಗಳಿಗೂ ತಡವಾಗಿಯೇ ತಿಳಿಯಿತಂತೆ. ಅಂಥ ಸುದ್ದಿಯನ್ನು ಎಲ್ಲರಿಗೂ ಮುಟ್ಟುವ ಹಾಗೆ ಹೇಳಬಲ್ಲವರು ನಮ್ಮಲ್ಲಿ ಒಬ್ಬರೇ ಇದ್ದರು…