ಒಲೆಯಜ್ಜನನ್ನು ಕರೆಯದೆ ಹೊರಟವರು

"ಅಮ್ಮಾ, ಪ್ರಸಾದ್ ಅಂಕಲ್ ಆಟ ಗೆದ್ರೂ ಯಾಕೆ ನಗಲ್ಲ?"

ಸಿಂಚನ ಹೀಗೆ ಕೇಳಿದಾಗ ನಿಶ್ಚಿತಾ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಹಲ್ಲುನೋವಿರ್ಬೇಕು ಕಣೇ" ಎಂದು ಸಾಗಹಾಕಿದಳು.

"ಸೋತ್ರೂ ಅಳಲ್ಲ ಕಣಮ್ಮ. ಹಲ್ಲುನೋವಿದ್ರೆ ಅಳ್ಬೇಕಲ್ವಾ?"

ಯುಕೆಜಿ ಹುಡುಗಿಯ ಈ ತರ್ಕ ಕೇಳಿ ನಿಶ್ಚಿತಾ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡಳು.

ಸರಸ್ವತಿಪುರಂನ ಆ ಮನೆಯಲ್ಲಿ ಇಬ್ಬರೂ ಬಾಡಿಗೆಯವರು. ಕೆಳಗೆ ನಿಶ್ಚಿತಾಳ ಸಂಸಾರ, ಮಹಡಿಯಲ್ಲಿ ಮಹದೇವಪ್ರಸಾದ್ ಒಬ್ಬರೇ. ತೊಂಬತ್ತರ ದಶಕದಲ್ಲಿ ಅವರು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು. "ಬೆರಳು ನೋಡ್ಬೇಡ್ರೀ, ಹಾಳೆ ನೋಡ್ರೀ" ಎಂದು ಅವರಿಂದ ಬೈಸಿಕೊಂಡವರು ಊರಿನ ಎಷ್ಟೋ ಕಚೇರಿಗಳಲ್ಲಿ ಕೂತಿದ್ದಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರ್ ಮನೆಮನೆಗೂ ಬಂದಾಗ ಇನ್‌ಸ್ಟಿಟ್ಯೂಟೇ ಬಾಗಿಲು ಹಾಕಿತು. ಅಲ್ಲಿಂದ ಒಂದು ಹಳೇ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದ ದಿನ ಅವರ ಹೆಂಡತಿ ನೀಲಮ್ಮ ಮೆಟ್ಟಿಲ ಮೇಲೆ ನಿಂತು, "ಸವತೀನ ಕರ್ಕೊಂಡ್ ಬಂದ್ಬುಟ್ರಾ? ಇರಿ, ಆರತಿ ತರ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದರು. ಆ ವರ್ಷದ ಕಾರ್ತೀಕದಲ್ಲೇ ಜ್ವರ ಬಂದು ನೀಲಮ್ಮ ತೀರಿಕೊಂಡರು.

ಪ್ರಸಾದ್ ಅತ್ತದ್ದನ್ನು ಯಾರೂ ನೋಡಲಿಲ್ಲ. ಹಾಲು ತರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ರಿಬ್ಬನ್ ಒಣಗಿದ ಟೈಪ್‌ರೈಟರಿನ ಹಾಗೆ; ಕೀಲಿ ಬಡಿಯುತ್ತಿತ್ತು, ಹಾಳೆಯ ಮೇಲೆ ಅಕ್ಷರ ಮೂಡುತ್ತಿರಲಿಲ್ಲ.

ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಯಾರೋ ವಿದ್ಯಾರ್ಥಿ ಮರೆತುಹೋದ ಸಿ.ಡಿ. ಇತ್ತು. ರಷ್ಯಾ ಕಡೆಯ ಅಜ್ಜಿಕಥೆಗಳನ್ನು ಕಲಸಿ ಮಾಡಿದ ಆಟ. ಮಧ್ಯಾಹ್ನವೆಲ್ಲ ಪ್ರಸಾದ್ ಅದರ ಮುಂದೆ. ಸಿಂಚನ ಪಕ್ಕದ ಸ್ಟೂಲಿನಲ್ಲಿ. ಬರ್ಚ್ ಮರಗಳ ಬಿಳೀ ಕಾಡು, ನೀರಲ್ಲಿ ಕೂದಲು ಬಾಚುವ ಹೆಂಗಸರು, ಕೋಳಿಕಾಲಿನ ಮೇಲೆ ಓಡಾಡುವ ಗುಡಿಸಲು.

"ಮನೆಗೇ ಕಾಲಿದ್ರೆ ಶಿಫ್ಟಿಂಗ್‌ಗೆ ಲಾರಿ ಬೇಡ ಅಲ್ವಾ ಅಂಕಲ್?"

"ಬೇಡ. ಕಾಳು ಹಾಕಿದ್ರೆ ಸಾಕು."

ಇಂಥ ಮಾತನ್ನೂ ಅವರು ಬಸ್ಸಿನ ನಂಬರು ಹೇಳುವ ದನಿಯಲ್ಲೇ ಹೇಳುತ್ತಿದ್ದರು.

ಮನೆಯ ಯಜಮಾನರು ಮಹಡಿಯನ್ನು ತಮ್ಮ ಮಗಳಿಗೆಂದು ಬಿಡಿಸಿಕೊಳ್ಳುತ್ತಿದ್ದರು. ಪ್ರಸಾದರಿಗೆ ವಿದ್ಯಾರಣ್ಯಪುರಂನಲ್ಲಿ ಒಂದು ಕೋಣೆ ಗೊತ್ತಾಗಿತ್ತು. ಆದರೆ ಹೊರಡಲು ಅವರಿಗೆ ಒಮ್ಮೆ ಆಷಾಢ ಅಡ್ಡ ಬಂತು, ಒಮ್ಮೆ ಅಮಾವಾಸ್ಯೆ, ಇನ್ನೊಮ್ಮೆ ಬರೀ ಮಂಗಳವಾರ. ಯಜಮಾನರು ಕಡೆಗೆ ಬರುವ ಭಾನುವಾರವೇ ಕೊನೆ ಎಂದುಬಿಟ್ಟಿದ್ದರು.

ಶುಕ್ರವಾರ ನಿಶ್ಚಿತಾ ಸೊಪ್ಪಿನ ಸಾರು ಹಿಡಿದು ಮೇಲೆ ಹೋದಾಗ ಒಂದು ಪೆಟ್ಟಿಗೆಯೂ ಕಟ್ಟಿರಲಿಲ್ಲ. ಅಡುಗೆಮನೆಯಲ್ಲಿ ನೀಲಮ್ಮನ ಒಗ್ಗರಣೆ ಸೌಟು ಮೊಳೆಯಲ್ಲೇ ನೇತಾಡುತ್ತಿತ್ತು. ಪ್ರಸಾದ್ ಪರದೆ ನೋಡುತ್ತಿದ್ದರು. ಅಲ್ಲಿ ಒಂದು ಮರದ ಮನೆ, ಒಲೆಯ ಮುಂದೆ ಒಬ್ಬ ಹುಡುಗ ಸುಮ್ಮನೆ ಕೂತಿದ್ದ.

"ಏನ್ರೀ ಪ್ರಸಾದಣ್ಣ, ಕಂಪ್ಯೂಟರ್ ನಿಂತೋಯ್ತಾ?"

"ಇಲ್ಲಮ್ಮ, ಆಟಾನೇ ನಿಂತಿದೆ. ನನ್ನದೇ ತಪ್ಪು." ಅವರು ಕುರ್ಚಿ ತಿರುಗಿಸಿದರು. "ಮೊದಲಲ್ಲೇ ಈ ಹುಡುಗನ ಅಜ್ಜಿ ಸಾಯ್ತಾಳೆ. ಇವನು ಆ ಮನೆ ಬಿಟ್ಟು ಕಾಡಿಗೆ ಹೊರಡ್ಬೇಕು. ಹೊಸಲು ದಾಟೋವಾಗ ಆಟ ಕೇಳ್ತದೆ, ಕೂಗಿ ಹೇಳಿ ಹೋಗ್ತೀಯೋ, ಸುಮ್ನೆ ಹೋಗ್ತೀಯೋ ಅಂತ. ನೀವಾಗಿದ್ರೆ ಏನೊತ್ತೀರಿ?"

"ಸುಮ್ನೆ ಹೋಗ್ತೀನಿ ಅಂತ. ಸಾವಾದ ಮನೇಲಿ 'ಬರ್ತೀನಿ' ಅಂತಾರೇನ್ರೀ ಯಾರಾದ್ರೂ?"

"ನಾನೂ ಅದನ್ನೇ ಒತ್ತಿದೆ."

ಪರದೆಯ ಹುಡುಗ ಕಟ್ಟಿಗೆ ಒಟ್ಟಿದ. ಬೆಂಕಿ ಹತ್ತಲಿಲ್ಲ.

"ಅವರ ಕಡೆ ಒಲೆ ಹಿಂದೆ ಒಬ್ಬ ಮುದುಕ ಇರ್ತಾನಂತೆ. ಮನೆ ಕಾಯೋನು. ನಾನು ಒಲೆಯಜ್ಜ ಅಂತೀನಿ. ಮನೆ ಬಿಡೋವಾಗ, ನಾವು ಹೊರಟ್ವಿ, ನೀನೂ ಬಾ ಅಂತ ಬಾಯಿಬಿಟ್ಟು ಕರೀಬೇಕಂತೆ. ಕರೀದಿದ್ರೆ ಅಲ್ಲೇ ಉಳ್ಕೋತಾನೆ. ಕಾಡೆಲ್ಲ ದಾಟಿ, ರಾಕ್ಷಸನ್ನೂ ಕೊಂದು ಈ ಹೊಸ ಮನೆ ಕಟ್ಟಿಸ್ದೆ. ಇಲ್ಲಿ ಯಾರೂ ಬಂದು ಹೆದರ್ಸಲ್ಲ, ಏನೂ ಬೀಳಲ್ಲ. ಒಲೆ ಮಾತ್ರ ಹತ್ತಲ್ಲ."

"ಮೊದಲಿಂದ ಆಡ್ಬೋದಲ್ವಾ?"

"ಆಡ್ದೆ. ಮತ್ತೆ ಹೊಸಲಿಗೆ ಬಂದಾಗ ಕೂಗೋದನ್ನ ಒತ್ತಕ್ಕೆ ಬೆರಳು ಹೋಗಲ್ಲ ಕಣಮ್ಮ. ಎಷ್ಟು ಜನಕ್ಕೆ ಬೆರಳು ಕಲ್ಸಿದೀನಿ ನೋಡಿ."

ಅವರು ನಗಲಿಲ್ಲ. ನಿಶ್ಚಿತಾ ನಗಲೋ ಬೇಡವೋ ಎಂದು ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

ನೀಲಮ್ಮನ ಶಿವಗಣಾರಾಧನೆಯ ದಿನ ಬಂದವರೆಲ್ಲ ಉಂಡು, ಕೈತೊಳೆದು, ಮಾತಿಲ್ಲದೆ ಮೆಟ್ಟಿಲಿಳಿದಿದ್ದು ಅವಳಿಗೆ ನೆನಪಾಯಿತು. ತಾನೂ ಹಾಗೆಯೇ ಇಳಿದಿದ್ದಳು. ಆಮೇಲೆ ಅದು ಅಭ್ಯಾಸವಾಗಿಹೋಗಿತ್ತು. ಎಷ್ಟು ಸಲ ಸಾರು ತಂದಿದ್ದಾಳೆ, ಪಲ್ಯ ತಂದಿದ್ದಾಳೆ. ಹೊರಡುವಾಗ ಒಂದು ಮಾತೂ ಆಡಿಲ್ಲ. ಸಿಂಚನ ಒಬ್ಬಳೇ, ಏನೂ ತಿಳಿಯದೆ, "ಬರ್ತೀನಿ ಅಂಕಲ್" ಎಂದು ಕಿರುಚಿ ಓಡುತ್ತಿದ್ದಳು.

ಅವಳು ಸೆರಗು ಸರಿಮಾಡಿಕೊಂಡು, ಬಾಗಿಲ ಬಳಿ ನಿಂತು, "ಬರ್ತೀನಿ ಪ್ರಸಾದಣ್ಣ" ಎಂದಳು. ಮಾತು ಬಾಯಲ್ಲಿ ಹೊಸ ಚಪ್ಪಲಿಯ ಹಾಗೆ ಕಚ್ಚಿತು.

ಪ್ರಸಾದ್ ತಲೆಯೆತ್ತಿದರು. ಮುಖ ಹಾಗೆಯೇ ಇತ್ತು. ಕೈ ಮಾತ್ರ ಕೀಬೋರ್ಡಿನಿಂದ ಇಳಿದು ಮಡಿಲಿಗೆ ಬಂತು.

"ನಿಶ್ಚಿತಮ್ಮ, ಒಂದು ಉಪಕಾರ ಆಗ್ಬೇಕಿತ್ತು."

"ಹೇಳಿ ಅಣ್ಣ. ಪಾತ್ರೆ ಎಲ್ಲ ಕಟ್ಕೊಡ್ಲಾ?"

"ಅದು ನಾನು ಕಟ್ಕೋತೀನಿ. ಭಾನುವಾರ ಲಗೇಜ್ ಆಟೋ ಸ್ಟಾರ್ಟ್ ಮಾಡೋಕ್ ಮುಂಚೆ ನೀವೊಂದ್ಸಲ ಮೇಲೆ ಬನ್ನಿ. ನಮ್ಮ ಅಡುಗೆಮನೆ ಒಲೆ ಹತ್ರ ನಿಂತ್ಕೊಂಡು, ನೀಲಕ್ಕಾ, ಅಣ್ಣ ಹೊರಟ್ರು, ನೀವೂ ಬನ್ನಿ ಅಂತ ಕರೀರಿ. ನನ್ನ ಬಾಯಲ್ಲಿ ಬರಲ್ಲ. ಸ್ವಲ್ಪ ಜೋರಾಗೇ ಕರೀರಿ... ಹಂಗೇ ವಿದ್ಯಾರಣ್ಯಪುರಂ ಅಡ್ರೆಸ್ಸೂ ಹೇಳ್ಬುಡಿ. ಆ ಕೋಣೆ ಅವಳು ನೋಡಿಲ್ಲ."